ಮೆರ್ವಿನ್ ಕ್ರೇಲ್ ತೀರಿಕೊಂಡ ವರ್ಷದ ಗಣಪತಿ

ಮಳೆಗಾಲವಿಡೀ ಗೋಣಿಚೀಲ ಹೊದಿಸಿಟ್ಟ ಆಂಪ್ಲಿಫೈಯರನ್ನು ಮೊದಲ ಸಲ ಆನ್ ಮಾಡಿದರೆ ಒಂದು ವಾಸನೆ ಬರುತ್ತದೆ. ಒಳಗೆ ಕೂತ ಧೂಳು, ತೇವ, ಒಂದೆರಡು ಸತ್ತ ಜಿರಲೆ, ಎಲ್ಲ ಸೇರಿ ಬಿಸಿಯಾದ ವಾಸನೆ. ನನ್ನ ಹೆಂಡತಿ ಸುಮಾ ಮೂಗು ಮುಚ್ಚಿಕೊಂಡು ಓಡುತ್ತಾಳೆ. ಮೊನ್ನೆ ಕೊಪ್ಪದ ನನ್ನ ಅಂಗಡಿಗೆ ಯಾವುದೋ ಭಜನಾ ಮಂಡಳಿಯ ಹಳೇ ಡಬ್ಬ ರಿಪೇರಿಗೆ ಬಂತು. ಸ್ವಿಚ್ ಒತ್ತಿದ್ದೇ ತಡ, ಆ ವಾಸನೆ ಎದ್ದಿತು, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಹೋದೆ, ಒಳಗೆ ಬಂದೆ, ಟೀ ಹೇಳಿದೆ, ಬಂದ ಟೀ ಕುಡಿಯದೆ ತಣ್ಣಗಾಗಲು ಬಿಟ್ಟೆ. ಮೆರ್ವಿನ್ ಕ್ರೇಲ್ ತೀರಿಕೊಂಡ ವರ್ಷದ ಗಣಪತಿ ಹಬ್ಬ ನೆನಪಾಗಿತ್ತು.

ಯಾರಪ್ಪ ಈ ಮೆರ್ವಿನ್ ಕ್ರೇಲ್ ಅಂತ ಕೇಳುತ್ತೀರಿ. ನಮ್ಮ ಕಡೆ ಯಾರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿರಬೇಕಾಗಿಲ್ಲ. ಇಂಗ್ಲೆಂಡಿನವನು, ಕೀಬೋರ್ಡ್ ಬಾರಿಸುವವನು. ಅವನ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಅಂತ ಹೆಸರು. ಒಂದು ಹಾಡು ಶುರುವಾದರೆ ಕ್ಯಾಸೆಟ್ಟಿನ ಒಂದು ಬದಿ ಅದಕ್ಕೇ ಬೇಕು. ನೀವು ಹೋಗಿ ಒಂದು ಕಾಫಿ ಕುಡಿದು ಬಂದರೂ ಹಾಡುವವನು ಇನ್ನೂ ಬಾಯಿ ತೆರೆದಿರುವುದಿಲ್ಲ. ತಾಳ ನಾಲ್ಕರಲ್ಲಿ ಇರುವುದಿಲ್ಲ. ಏಳಿರುತ್ತದೆ, ಒಂಬತ್ತಿರುತ್ತದೆ, ನಿಮಗೆ ಅಭ್ಯಾಸವಾಯಿತು ಅನ್ನುವಾಗ ಬೇರೆಯಾಗುತ್ತದೆ. ಕುಣಿಯಲು ಹೋದವನು ಕಾಲು ತೊಡರಿ ಬೀಳಬೇಕು. ಅಂಥದ್ದಕ್ಕೂ ಪ್ರಪಂಚದಲ್ಲಿ ಜೀವ ಬಿಡುವ ಜನ ಇದ್ದಾರೆ. ನಮ್ಮಲ್ಲಿ ತಾಲೂಕಿಗೊಬ್ಬರಂತೆ ಇದ್ದೆವು. ಕೊಪ್ಪಕ್ಕೆ ನಾನು, ಎನ್.ಆರ್. ಪುರಕ್ಕೆ ರೋಯ್, ಶೃಂಗೇರಿಗೆ ವಾಸಣ್ಣ.

ನಾನು ಸತೀಶ, ಪಂಪು-ಗ್ರೈಂಡರುಗಳ ಮೋಟಾರ್ ವೈಂಡಿಂಗ್ ಮಾಡುತ್ತೇನೆ, ಗಿಟಾರ್ ಬಾರಿಸುತ್ತೇನೆ. ರೋಯ್ ಬೇಕರಿ ಇಟ್ಟಿದ್ದಾನೆ, ಡ್ರಮ್ಸ್ ಅವನದ್ದು. ವಾಸಣ್ಣ ಅಂದರೆ ವಾಸುದೇವ, ಅಡ್ಡಗದ್ದೆಯವನು, ಶೃಂಗೇರಿಯ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುವ ಕೆಲಸ, ಕೈಗೆ ಸಿಕ್ಕಿದರೆ ಕೀಬೋರ್ಡ್. ಮೂವರೂ ಸೇರಿ ಗಣಪತಿ ಹಬ್ಬದ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ಮಾಡುತ್ತಿದ್ದೆವು. ಹಾಡಲಿಕ್ಕೆ ಆ ವರ್ಷ ಯಾರು ಸಿಗುತ್ತಾರೋ ಅವರು. ಪೆಂಡಾಲಿನಲ್ಲಿ ಬಾರಿಸುವುದು ಸಿನಿಮಾ ಹಾಡು. ಅಂಗಡಿಯ ಶಟರ್ ಎಳೆದುಕೊಂಡು ನಮಗೆ ನಾವೇ ಬಾರಿಸಿಕೊಳ್ಳುವುದು ಮೆರ್ವಿನ್ ಕ್ರೇಲ್.

ಇದನ್ನೆಲ್ಲ ಹಚ್ಚಿದ್ದು ವಾಸಣ್ಣ. ಅವನಿಗೆ ಕಾಲೇಜಿನ ಕಾಲದಲ್ಲಿ ಯಾರೋ ಒಂದು ಕ್ಯಾಸೆಟ್ ಕೊಟ್ಟಿದ್ದರು. ಮನೆಯಲ್ಲಿ ಭಜನೆಗೆ ಇಟ್ಟ ಹಾರ್ಮೋನಿಯಂ ಇತ್ತು. ಹಾಕುವುದು, ನಿಲ್ಲಿಸುವುದು, ಒತ್ತುವುದು, ಮತ್ತೆ ಹಾಕುವುದು. ಟೇಪು ಸವೆದು ಉಸಿರು ಬಿಡುವ ಸದ್ದಷ್ಟೇ ಬರುವ ಹೊತ್ತಿಗೆ ಇವನಿಗೆ ಅಷ್ಟೂ ಬಾಯಿಪಾಠವಾಗಿತ್ತು. ಅವನ ಅಪ್ಪ ನರಹರಿ ಭಟ್ಟರಿಗೆ ಮಾತ್ರ ಅದು ಸಂಗೀತವಲ್ಲ, 'ಪೆಟ್ಟಿಗೆ ಒತ್ತುವುದು'. ಭಟ್ಟರು ದೊಡ್ಡ ವಿದ್ವಾಂಸರು. ಸುತ್ತಲಿನ ಊರಿನವರು ಮುಹೂರ್ತಕ್ಕೆ, ಸೂತಕಕ್ಕೆ, ಅವರ ಮಾತನ್ನೇ ಕೇಳುವುದು. ಚಿಕ್ಕಪ್ಪನ ಮಗ ಹೋದ, ನಮಗೆ ಎಷ್ಟು ದಿನ ಭಟ್ರೇ ಅಂತ ಫೋನು ಬರುತ್ತಲೇ ಇರುತ್ತದೆ. ಅಂಥವರ ಮಗ ವೇದಪಾಠ ಅರ್ಧಕ್ಕೆ ಬಿಟ್ಟು ಪೆಟ್ಟಿಗೆ ಹಿಡಿದಿದ್ದ. ಮಗ ಏನು ಮಾಡ್ತಾನೆ ಅಂತ ಯಾರಾದರೂ ಕೇಳಿದರೆ, ಪ್ರೆಸ್ಸಲ್ಲಿದ್ದಾನೆ ಅನ್ನುತ್ತಿದ್ದರು. ಉಳಿದದ್ದು ಬಾಯಿಗೆ ಬರುತ್ತಿರಲಿಲ್ಲ. ನಮ್ಮ ಕಾರ್ಯಕ್ರಮಕ್ಕೆ ಒಂದು ಸಲವೂ ಕಾಲಿಟ್ಟವರಲ್ಲ.

ಆ ವರ್ಷ ಚೌತಿ ಕಳೆದಿತ್ತು. ಕೊಪ್ಪದ ಪೆಂಡಾಲಿನಲ್ಲಿ ಹಬ್ಬದ ದಿನವೇ ಬಾರಿಸಿ ಬಂದಿದ್ದೆವು, ಎನ್.ಆರ್. ಪುರದ್ದು ಬಾಕಿ ಇತ್ತು. ಒಂದು ಮಧ್ಯಾಹ್ನ ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದೆ. ರೋಯ್ ಮೆಸೇಜ್ ಹಾಕಿದ, 'ಅಜ್ಜ ಹೋದ'. ನಾವು ಮೆರ್ವಿನ್ ಕ್ರೇಲನನ್ನು ಅಜ್ಜ ಅಂತಲೇ ಕರೆಯುತ್ತಿದ್ದದ್ದು, ಅವನ ಗಡ್ಡಕ್ಕೆ. ನನಗೆ ಸುತ್ತಿನ ಲೆಕ್ಕ ತಪ್ಪಿತು. ಬಿಚ್ಚಿದೆ, ಮತ್ತೆ ಸುತ್ತಿದೆ, ಮತ್ತೆ ತಪ್ಪಿತು. ತಂತಿ ಬಿಸಾಡಿ ಬೈಕ್ ಹತ್ತಿ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ, ವಾಪಸ್ ಬಂದೆ.

ನನಗೆ ನಿಜವಾಗಿಯೂ ದುಃಖವಾಗಿತ್ತು. ನಮ್ಮಪ್ಪ ಸತ್ತಾಗ ಆದಷ್ಟಲ್ಲ, ಸುಳ್ಳು ಹೇಳಬಾರದು. ಆದರೆ ಅಪ್ಪ ಸತ್ತಾಗ ಸೌದೆ ತರುವುದಿತ್ತು, ನೆಂಟರಿಗೆ ಹೇಳಿ ಕಳಿಸುವುದಿತ್ತು, ಹೆಗಲು ಕೊಡುವುದಿತ್ತು. ಇದಕ್ಕೆ ಎಂತ ಮಾಡುವುದು? ಫೋನಿನಲ್ಲಿ ನೋಡಿದರೆ ಎಲ್ಲೆಲ್ಲಿಯವರೋ ಅಳುತ್ತಿದ್ದರು. ಅವನ ಮನೆ ಗೇಟಿನ ಹತ್ತಿರ ಹೂವಿನ ರಾಶಿ, ಮೇಣದ ಬತ್ತಿ. ನಮ್ಮ ವಯಸ್ಸಿನ ಗಂಡಸರು, ತಲೆ ಬೋಳಾದವರು, ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ರೋಯ್ ಅವರ ಚರ್ಚಿಗೆ ಹೋಗಿ ಒಂದು ಕ್ಯಾಂಡಲ್ ಹಚ್ಚಿ ಬಂದು ಬನ್ನಿನ ಹಿಟ್ಟು ಕಲಸುತ್ತ ಕೂತನಂತೆ. ನಾನು ಮನೆಯಲ್ಲಿ ಊಟಕ್ಕೆ ಕೂತೆ, ಎದ್ದೆ.

"ಯಾರೋ ಬಿಳಿ ಅಜ್ಜ ಸತ್ರೆ ನೀವ್ಯಾಕೆ ಅನ್ನ ಬಿಡೋದು?" ಅಂದಳು ಸುಮಾ.

"ಬಿಟ್ಟಿಲ್ಲ ಮಾರಾಯ್ತಿ, ಆಮೇಲೆ ತಿಂತೀನಿ."

"ನಮ್ಮ ದೊಡ್ಡಮ್ಮ ಹೋದಾಗ ಎರಡು ಸಲ ಬಡಿಸ್ಕೊಂಡು ಉಂಡಿದ್ರಿ."

ಅದು ನಿಜವೇ. ಅವಳ ದೊಡ್ಡಮ್ಮನ ಬಗ್ಗೆ ನನಗೇನೂ ಬೇಜಾರಿರಲಿಲ್ಲ, ಹಸಿವಾಗಿತ್ತು ಅಷ್ಟೆ.

ವಾಸಣ್ಣನಿಂದ ಮಾತ್ರ ಮೆಸೇಜಿಲ್ಲ, ಫೋನಿಲ್ಲ. ಸಂಜೆ ಪ್ರಾಕ್ಟೀಸಿಗೆ ಬರಬೇಕಿದ್ದವನು ಬರಲಿಲ್ಲ. ಎನ್.ಆರ್. ಪುರದ ಕಾರ್ಯಕ್ರಮ ಮಾರನೇ ದಿನ. ಅಲ್ಲಿಯ ಕಮಿಟಿಯ ಅಧ್ಯಕ್ಷರು ಆಗಲೇ ಹೇಳಿಬಿಟ್ಟಿದ್ದರು, ಹುಡುಗರೆಲ್ಲ ಡಿಜೆ ಬೇಕು ಅಂತಿದ್ದಾರೆ, ಈ ಸಲ ಏನಾದ್ರೂ ಎಡವಟ್ಟಾದ್ರೆ ಮುಂದಿನ ವರ್ಷ ನಿಮ್ಮನ್ನ ಕರೆಯಕ್ಕಾಗಲ್ಲ ಅಂತ. ನಮ್ಮನ್ನು ಕರೆಯುವ ಪೆಂಡಾಲುಗಳಲ್ಲಿ ಉಳಿದಿದ್ದದ್ದೇ ಅದು ಮತ್ತು ಕೊಪ್ಪದ್ದು. ಕೀಬೋರ್ಡ್ ಇಲ್ಲದೆ ಆರ್ಕೆಸ್ಟ್ರಾ ಎಲ್ಲಿಯದು? ಬೆಳಗಾಗುವವರೆಗೆ ಹೇಗೋ ಹೊರಳಾಡಿ, ಎದ್ದವನೇ ಅಡ್ಡಗದ್ದೆಗೆ ಬೈಕ್ ಬಿಟ್ಟೆ.

ಹೋಗಿ ನೋಡುತ್ತೇನೆ, ವಾಸಣ್ಣ ಜಗಲಿಯ ತುದಿಯಲ್ಲಿ ಒದ್ದೆ ಪಂಚೆ ಸುತ್ತಿಕೊಂಡು ಕೂತಿದ್ದಾನೆ. ಪಕ್ಕದಲ್ಲಿ ಒಂದು ಚಾಪೆ, ಒಂದು ಲೋಟ. ಅಷ್ಟೆ. ನಾನು ಹೆಗಲಿಗೆ ಕೈ ಹಾಕಲು ಹೋದೆ.

"ಮುಟ್ಟಬೇಡ ಸತೀಶ. ನಂಗೆ ಆಶೌಚ."

ಚಾಚಿದ ಕೈ ಹಿಂದೆ ತೆಗೆದೆ. "ಯಾರು ಹೋದ್ರು?"

"ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ಗುರು ತೀರಿಕೊಂಡರೆ ಶಿಷ್ಯನಿಗೆ ಮೂರು ದಿನ ಆಶೌಚವಂತೆ, ಶಾಸ್ತ್ರದಲ್ಲಿ ಇದೆಯಂತೆ. ಸುದ್ದಿ ಕೇಳಿದ ಕೂಡಲೇ ಪ್ರೆಸ್ಸಿಗೆ ರಜೆ ಹಾಕಿ, ತಲೆಗೆ ನೀರು ಹಾಕಿಕೊಂಡು ಬಂದು ಹೊರಗೆ ಕೂತವನು ಒಳಗೆ ಹೋಗಿಲ್ಲ. ಅವನ ಅಮ್ಮ ಬಾಗಿಲ ಹತ್ತಿರ ಬಂದು ನಿಂತರು.

"ನಿನ್ನೆಯಿಂದ ಹೀಗೇ ಕೂತಿದ್ದಾನೆ. ಸತ್ತವರು ಯಾರು ಅಂತ ಕೇಳಿದ್ರೆ ಫೋನಲ್ಲಿ ಒಂದು ಗಡ್ಡದ ಫೋಟೋ ತೋರಿಸ್ತಾನೆ. ನೀನಾದ್ರೂ ಸ್ವಲ್ಪ ಬುದ್ಧಿ ಹೇಳಪ್ಪ."

ನಾನು ಬುದ್ಧಿ ಹೇಳುವ ಜನ ಅಲ್ಲ, ಸಿಟ್ಟು ಮಾಡುವ ಜನ. "ಎಂತ ಮಾರಾಯ ಇದು? ಇವತ್ತು ಸಂಜೆ ಎನ್.ಆರ್. ಪುರದಲ್ಲಿ ಕಾರ್ಯಕ್ರಮ ಇಟ್ಕೊಂಡು..."

"ಗಣಪತಿ ಎದುರು ಆಶೌಚದಲ್ಲಿ ಹೋಗಿ ಕೂರಕ್ಕಾಗತ್ತಾ?"

"ಅಲ್ಲ, ಆ ಮನುಷ್ಯನಿಗೆ ನೀನು ಹುಟ್ಟಿದ್ದೇ ಗೊತ್ತಿಲ್ಲ."

"ನಂಗೆ ಅವರು ಗೊತ್ತಲ್ಲ."

ಪ್ರಪಂಚದ ತುಂಬ ಜನ ಹೂವಿಟ್ಟರು, ಹಾಡು ಹಾಕಿದರು, ಉದ್ದುದ್ದ ಬರೆದರು. ಇವನಿಗೆ ಅದು ಯಾವುದೂ ಬರುವುದಿಲ್ಲ. ಹತ್ತಿರದವರು ಸತ್ತರೆ ಅವನ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನು ಮಾಡಿದ್ದ. ನಾನು ನಿನ್ನೆಯಿಂದ ಏನು ಮಾಡಲಿ ಅಂತ ಬೀದಿ ಸುತ್ತಿದ್ದೆ, ಇವನಿಗೆ ಗೊತ್ತಿತ್ತು. ಆ ಸಿಟ್ಟಿನಲ್ಲೂ ನನಗೆ ಒಂದು ಚೂರು ಹೊಟ್ಟೆಕಿಚ್ಚಾಯಿತು.

"ಅಪ್ಪಯ್ಯನ್ನ ಕೇಳು," ಅಂದ. "ಅವರು ಗುರು ಅಲ್ಲ ಅಂತ ಅಪ್ಪಯ್ಯ ಹೇಳಿಬಿಡಲಿ, ಈಗಲೇ ಎದ್ದು ಬರ್ತೇನೆ. ನಾನು ನಿನ್ನೆಯಿಂದ ಕೇಳ್ತಾ ಇದ್ದೇನೆ, ಹೌದು ಅಂತಾನೂ ಹೇಳ್ತಿಲ್ಲ, ಅಲ್ಲ ಅಂತಾನೂ ಹೇಳ್ತಿಲ್ಲ."

ಆಗ ನನಗೆ ಅರ್ಥವಾಯಿತು. ಇವನು ಕೂತಿರುವುದು ಸತ್ತವನಿಗಾಗಿ ಮಾತ್ರ ಅಲ್ಲ. ಮೆರ್ವಿನ್ ಕ್ರೇಲ್ ಗುರು ಹೌದಾದರೆ ಇವನು ಕಲಿತದ್ದು ವಿದ್ಯೆ ಹೌದು. ಗುರು ಅಲ್ಲವಾದರೆ ಇಷ್ಟು ವರ್ಷ ಪೆಟ್ಟಿಗೆ ಒತ್ತಿದ್ದು. ಯಾರ್ಯಾರಿಗೋ ಇದು ಹೌದು, ಇದು ಅಲ್ಲ ಅಂತ ತೀರ್ಪು ಹೇಳುವ ಅಪ್ಪ ತನಗೂ ಒಂದು ಹೇಳಲಿ ಅಂತ ಹಠ ಹಿಡಿದು ಕೂತಿದ್ದ. ನನ್ನ ಸ್ಥಿತಿ ನೋಡಿ. ಆರ್ಕೆಸ್ಟ್ರಾ ಉಳಿಯಬೇಕಾದರೆ ಭಟ್ಟರು ಅಲ್ಲ ಅನ್ನಬೇಕು. ಇವನು ಉಳಿಯಬೇಕಾದರೆ ಹೌದು ಅನ್ನಬೇಕು.

ಭಟ್ಟರು ಪೂಜೆ ಮುಗಿಸಿ ಹೊರಗೆ ಬಂದರು. ನನ್ನನ್ನು ನೋಡಿ, "ಸತೀಶನಾ? ಕೂತ್ಕೋ," ಅಂದರು. ಆಮೇಲೆ ಮಗನ ಕಡೆ ತಿರುಗದೆ ನನ್ನನ್ನೇ ಕೇಳಿದರು.

"ಆ ಮನುಷ್ಯ ತೀರಿಕೊಂಡದ್ದು ಯಾವಾಗ?"

"ನಿನ್ನೆ ಭಟ್ರೇ."

"ನಿನ್ನೆ ಸುದ್ದಿ ಬಂದದ್ದು. ತೀರಿಕೊಂಡದ್ದು?"

ಅದನ್ನು ನಾನು ನೋಡಿರಲೇ ಇಲ್ಲ. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ದರೆಯ ಮೇಲೆ ಮಾತ್ರ. ಹತ್ತಿ ನಿಂತು ಹುಡುಕಿದೆ. ಮನೆಯವರು ಹಾಕಿದ ಪ್ರಕಟಣೆ ಸಿಕ್ಕಿತು. ತೀರಿಕೊಂಡದ್ದು ಒಂದು ವಾರದ ಹಿಂದೆ, ನಮ್ಮಲ್ಲಿ ಗೌರಿ ಹಬ್ಬದ ದಿನ. ಮಣ್ಣು ಮಾಡಿ ಎಲ್ಲ ಮುಗಿಸಿ, ಮನೆಯವರಷ್ಟೇ ಇದ್ದು, ಆಮೇಲೆ ಊರಿಗೆ ತಿಳಿಸಿದ್ದರು. ನಾನು ದರೆ ಇಳಿದು ಬಂದು ಅದನ್ನೇ ಹೇಳಿದೆ.

ಭಟ್ಟರು ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿದರು. "ಹಾಗಾದ್ರೆ ಕಾಲ ಮೀರಿ ಹೋಯ್ತು. ಮೂರು ದಿನದ ಆಶೌಚ, ಆ ಮೂರು ದಿನ ಕಳೆದ ಮೇಲೆ ಸುದ್ದಿ ಬಂದ್ರೆ ಸ್ನಾನ ಮಾತ್ರ. ಹೊಳೆಯಲ್ಲಿ ಒಂದು ಮುಳುಗು ಹಾಕಿ ಒಳಗೆ ಬರಲಿ."

"ಅಂದ್ರೆ ಗುರು ಅಂತ ಒಪ್ಪಿದ ಹಾಗಾ ಅಪ್ಪಯ್ಯ?" ಅಂತ ಕೇಳಿದ ವಾಸಣ್ಣ.

"ಗುರುವಾದ್ರೂ ಸ್ನಾನ, ಅಲ್ದಿದ್ರೂ ಸ್ನಾನ. ಆ ಪ್ರಶ್ನೆ ಈಗ ಬರೂದೇ ಇಲ್ಲ."

ಒಳಗೆ ಹೋಗಿಬಿಟ್ಟರು. ನನಗೆ ಮೊದಲು ಆದದ್ದು ಖುಷಿಯೇ. ಬಚಾವಾದೆವು ಅಂದುಕೊಂಡೆ. ವಾಸಣ್ಣನ ಮುಖ ನೋಡಿದ ಮೇಲೆ ಆ ಖುಷಿ ಇಟ್ಟುಕೊಳ್ಳಲು ಜಾಗ ಇರಲಿಲ್ಲ. ಅವನು ಲೋಟವನ್ನು ಆಚೆಗೆ ಸರಿಸಿ, ಈಚೆಗೆ ಸರಿಸಿ, ಕೊನೆಗೆ ಕೇಳಿದ.

"ಹಬ್ಬದ ದಿನ ಕೊಪ್ಪದಲ್ಲಿ ನಾವು ಬಾರಿಸ್ತಾ ಇದ್ದಾಗ ಅವರು ಹೋಗಿ ಆಗಿತ್ತು, ಅಲ್ವಾ?"

"ನಮಗೆ ಎಲ್ಲಿ ಗೊತ್ತಿತ್ತು ಮಾರಾಯ."

"ಕುಣಿತದ ಹಾಡು ಬಾರಿಸಿದ್ವಿ. ಮೂರು ಸಲ ಒನ್ಸ್ ಮೋರ್."

ಎದ್ದು ಹೊಳೆಗೆ ಹೋದ. ನಾನು ದಂಡೆಯಲ್ಲಿ ನಿಂತಿದ್ದೆ. ಒಂದೇ ಮುಳುಗು ಹಾಕಿ, ತಲೆ ಒರೆಸಿಕೊಂಡು, ಹೊರಡುವ ಅಂದ. ಕೊಪ್ಪದವರೆಗೆ ಬೈಕಿನ ಹಿಂದೆ ಕೂತು ಒಂದು ಮಾತೂ ಆಡಲಿಲ್ಲ. ನನಗೆ ಅಂಥ ಮೌನ ಆಗುವುದಿಲ್ಲ, ಪಂಪು, ಮೋಟಾರು, ಕರೆಂಟು ಅಂತ ನಾನೇ ಏನೇನೋ ಮಾತಾಡಿದೆ.

ಎನ್.ಆರ್. ಪುರದಲ್ಲಿ ರೋಯ್ ಒಂದು ಸಣ್ಣ ಫ್ಲೆಕ್ಸ್ ಮಾಡಿಸಿ ತಂದಿದ್ದ. ಅಜ್ಜನ ಗಡ್ಡದ ಫೋಟೋ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ನಮ್ಮ ಊರುಗಳಲ್ಲಿ ಯಾರು ಸತ್ತರೂ ಸರ್ಕಲ್ಲಿನಲ್ಲಿ ಒಂದು ಬೀಳುತ್ತದಲ್ಲ, ಅದೇ ನಮೂನೆ, ಅದೇ ಗುಲಾಬಿ ಹೂವಿನ ಬಾರ್ಡರು. ಸ್ಟೇಜಿನ ಮೂಲೆಗೆ ಕಟ್ಟಲು ಹೊರಟಿದ್ದ. ಅಧ್ಯಕ್ಷರು ಓಡಿ ಬಂದರು.

"ಗಣಪತಿ ಎದುರು ಸತ್ತವರ ಫೋಟೋ ಕಟ್ತೀರೇನ್ರೀ? ಯಾರಿವರು? ಎಸ್ಟೇಟಿನ ಸಾಹುಕಾರ್ರಾ?"

ರೋಯ್ ಅದನ್ನು ಸುರುಳಿ ಸುತ್ತಿ ಡ್ರಮ್ಮಿನ ಹಿಂದೆ ಇಟ್ಟುಕೊಂಡ. ಎರಡು ಹಾಡು ಮುಗಿದಿರಬೇಕು, ಅಧ್ಯಕ್ಷರು ಮತ್ತೆ ಬಂದು ಕಿವಿಯಲ್ಲಿ ಹೇಳಿದರು. ಮುಖ್ಯ ಅತಿಥಿಗಳು ಇನ್ನೇನು ಬಂದೇಬಿಟ್ಟರು, ಬಾಳೆಹೊನ್ನೂರು ದಾಟಿದ್ದಾರೆ, ಬಂದ ಕೂಡಲೇ ಸಭೆ. ಅಲ್ಲಿಯವರೆಗೆ ಹಾಡು ಬೇಡ, ಹಾಡು ಶುರು ಮಾಡಿದರೆ ಮಧ್ಯದಲ್ಲಿ ನಿಲ್ಲಿಸಲಾಗುವುದಿಲ್ಲ. ಎಂತಾದ್ರೂ ಸುಮ್ಮನೆ ಬಾರಿಸ್ತಾ ಇರಿ.

ಮುಖ್ಯ ಅತಿಥಿ ಬಂದೇಬಿಟ್ಟರು ಅಂದರೆ ಎಷ್ಟು ಹೊತ್ತು ಅಂತ ಆರ್ಕೆಸ್ಟ್ರಾದವರಿಗೆ ಗೊತ್ತು. ರೋಯ್ ನನ್ನ ಮುಖ ನೋಡಿದ, ನಾನು ವಾಸಣ್ಣನ ಮುಖ ನೋಡಿದೆ. ವಾಸಣ್ಣ ಯಾರ ಮುಖವನ್ನೂ ನೋಡದೆ ಅಜ್ಜನ ಆ ಉದ್ದದ್ದನ್ನು ಎತ್ತಿಕೊಂಡ. ಶಟರ್ ಎಳೆದುಕೊಂಡು ಬಾರಿಸುತ್ತಿದ್ದದ್ದನ್ನು ಮೊದಲ ಸಲ ಜನರ ಎದುರು. ಮುಂದಿನ ಸಾಲಿನಲ್ಲಿ ಮಕ್ಕಳು ಪೀಪಿ ಊದುತ್ತಿದ್ದವು. ಹಿಂದಿನವರು ಅಡಿಕೆ ರೇಟು ಮಾತಾಡುತ್ತಿದ್ದರು. ನಾಲ್ಕು ಹುಡುಗರು ಕುಣಿಯಲು ಎದ್ದು, ಹೆಜ್ಜೆ ಸಿಗದೆ ಬೈದುಕೊಂಡು ಕೂತರು. ಅತಿಥಿ ಬರಲಿಲ್ಲ, ಬರಲಿಲ್ಲ, ಬರಲೇ ಇಲ್ಲ. ಅಜ್ಜ ಇಪ್ಪತ್ತರ ವಯಸ್ಸಿನಲ್ಲಿ ಮಾಡಿದ ಹಾಡು ಭದ್ರಾ ಹಿನ್ನೀರಿನ ಊರಿನಲ್ಲಿ ಪೂರ್ತಿ ಒಂದು ಸಲ ಮೊಳಗಿತು. ನನಗೆ ಕಣ್ಣು ಮಂಜಾಗಿ ಗಿಟಾರಿನ ಮನೆಗಳು ಕಾಣುತ್ತಿರಲಿಲ್ಲ. ಮುಗಿದ ಮೇಲೆ ಅಧ್ಯಕ್ಷರು ಬಂದರು.

"ಚೆನ್ನಾಗಿತ್ತು. ಯಾವ ಪಿಕ್ಚರ್‌ದು?"

"ಇನ್ನೂ ರಿಲೀಸ್ ಆಗಿಲ್ಲ," ಅಂದ ರೋಯ್.

ಸಾಮಾನು ಕಟ್ಟುವಾಗ ನಾನು ವಾಸಣ್ಣನಿಗೆ ಹೇಳಿದೆ, ಇದಕ್ಕಿಂತ ಒಳ್ಳೇ ಶ್ರದ್ಧಾಂಜಲಿ ಯಾರು ಕೊಟ್ಟಿರ್ತಾರೆ ಹೇಳು ಅಂತ. ಅವನು ಕೀಬೋರ್ಡಿನ ವೈರು ಸುತ್ತುತ್ತ, "ಬಾರಿಸಿದ್ದು ಸರಿಯಾಯ್ತು ಸತೀಶ. ಆದ್ರೆ ಅಪ್ಪಯ್ಯ ಅವರನ್ನ ಒಂದು ಮುಳುಗಲ್ಲಿ ತೊಳೆದು ಹಾಕಿಬಿಟ್ರು," ಅಂದ. ಆಮೇಲೆ ಕೀಬೋರ್ಡನ್ನು ನನ್ನ ಅಂಗಡಿಯಲ್ಲೇ ಇಟ್ಟು ಹೋದವನು ಬರಲಿಲ್ಲ. ಫೋನ್ ಮಾಡಿದರೆ ಪ್ರೆಸ್ಸಲ್ಲಿ ಕೆಲಸ ಜಾಸ್ತಿ ಅನ್ನುತ್ತಿದ್ದ. ಪಿತೃಪಕ್ಷದಲ್ಲಿ ಲಗ್ನಪತ್ರಿಕೆ ಯಾರು ಮಾಡಿಸುತ್ತಾರೆ? ನನಗೆ ಅಷ್ಟೂ ತಿಳಿಯುವುದಿಲ್ಲವೇ. ಮಾರ್ಕೆಟಿಂಗಿನ ಫೋನಿನವರ ಹತ್ತಿರ ಮಾತಾಡಿದ ಹಾಗೆ ಮಾತಾಡಿ ಇಟ್ಟುಬಿಡುತ್ತಿದ್ದ. ಇನ್ನು ಇವನು ಬಾರಿಸುವುದಿಲ್ಲ ಅಂತ ನನಗೆ ಹೆದರಿಕೆಯಾಯಿತು. ದಿನಾ ಆ ಕೀಬೋರ್ಡಿನ ಧೂಳು ಒರೆಸುತ್ತಿದ್ದೆ, ಸಿಟ್ಟು ಬಂದಾಗ ಬೈಯುತ್ತಿದ್ದೆ.

ಪಿತೃಪಕ್ಷದ ನಡುವೆ ಒಂದು ದಿನ ನರಹರಿ ಭಟ್ಟರು ಬಸ್ಸಿಳಿದು ನನ್ನ ಅಂಗಡಿಗೆ ಬಂದರು. ಹಿಂದೆ ಒಬ್ಬ ಗ್ರೈಂಡರಿನ ಮೋಟಾರ್ ಹೊತ್ತು ತಂದು ಇಟ್ಟು ಹೋದ. ಶೃಂಗೇರಿಯಲ್ಲಿ ಮೋಟಾರ್ ವೈಂಡಿಂಗಿನವರು ಇಲ್ಲದೆ ಏನು? ನಾನು ಕೇಳಲಿಲ್ಲ. ಸ್ಟೂಲ್ ಒರೆಸಿ ಕೊಟ್ಟೆ. ಅವರು ಕೂತು ಗೋಡೆ, ತಂತಿ, ಕೀಬೋರ್ಡು ಎಲ್ಲ ನೋಡಿದರು.

"ಆ ಮನುಷ್ಯ ಬಾರಿಸಿದ್ದು ನಿನ್ನತ್ರ ಇದ್ಯಾ?"

"ಇದೆ ಭಟ್ರೇ."

"ಹಾಕು ನೋಡುವ."

ಸ್ಪೀಕರಿನ ಪಿನ್ನು ತಪ್ಪಾಗಿ ಚುಚ್ಚಿ ಒಂದು ಸಲ ಗುರ್ರೆನಿಸಿ, ಕೊನೆಗೆ ಹಾಕಿದೆ. ಭಟ್ಟರು ಕಣ್ಣು ಮುಚ್ಚಿ ಕೇಳಿದರು. ನಡುವೆ ಗಿರಾಕಿ ಬಂದರೆ ನಾನು ಕೈಯಲ್ಲೇ ಆಮೇಲೆ ಬನ್ನಿ ಅಂತ ಕಳಿಸಿದೆ. ನನಗೆ ಪ್ರತಿ ನಿಮಿಷವೂ ಇವರು ಈಗ ಎದ್ದುಹೋಗುತ್ತಾರೆ ಅನ್ನಿಸುತ್ತಿತ್ತು. ಏಳಲಿಲ್ಲ. ಪೂರ್ತಿ ಮುಗಿದ ಮೇಲೆ ಕಣ್ಣು ಬಿಟ್ಟರು.

"ಹಿಂದೆ ಹೋಗಿ ಮುಂದೆ ಬರ್ತು. ಮೂರು ಸ್ವರ ಹೇಳಿ, ಎರಡು ವಾಪಸ್ ಹೋಗಿ, ಮತ್ತೆ ಹಿಡ್ಕೊಂಡು ಬರ್ತು. ನಮ್ಮ ವೇದದ ಜಟಾಪಾಠದಲ್ಲೂ ಪದಗಳನ್ನ ಹಾಗೇ ಹೇಳೂದು."

ನಾನು ಬಾರಿಸಿದ್ದು ಯಾರು ಅಂತ ಹೇಳದೆ ರೋಯ್ ಕಳಿಸಿದ ವಿಡಿಯೋ ಹಾಕಿದೆ, ಎನ್.ಆರ್. ಪುರದ್ದು. ಫೋನನ್ನು ಮೇಜಿನ ಮೇಲೆ ಮಕಾಡೆ ಇಟ್ಟೆ, ಸದ್ದು ಮಾತ್ರ ಬರಲಿ ಅಂತ. ಅದನ್ನೂ ಕೇಳಿದರು. ಮಕ್ಕಳ ಪೀಪಿ ಬಂದಾಗ ಹುಬ್ಬು ಗಂಟಿಕ್ಕಿದರು, ಅಷ್ಟೆ.

"ಇದು ಅದೇ. ಆದ್ರೆ ಒಂದು ಕಡೆ ಅದರಲ್ಲಿ ಇಲ್ಲದ್ದು ಇದರಲ್ಲಿ ಬಂತು."

"ಅದು ವಾಸಣ್ಣ ಸೇರಿಸಿದ್ದು ಭಟ್ರೇ. ಇದು ಬಾರಿಸಿದ್ದು ವಾಸಣ್ಣ."

ಭಟ್ಟರು ಹೆಗಲ ಮೇಲಿನ ಶಾಲು ಸರಿ ಮಾಡಿಕೊಂಡರು. "ಇಷ್ಟೂ ಮಾಣಿಗೆ ಬಾಯಲ್ಲಿದ್ಯಾ?"

"ಇದೊಂದೇ ಅಲ್ಲ, ಇಂಥದ್ದು ಬೇಕಾದಷ್ಟು ಇದೆ."

"ಹೇಳಿಕೊಟ್ಟವರು?"

"ಯಾರೂ ಇಲ್ಲ. ಕ್ಯಾಸೆಟ್ ಹಾಕಿ ಕೇಳಿ ಕೇಳಿ ಕಲಿತದ್ದು."

"ನಾವೂ ಪಾಠ ಕಲಿತದ್ದು ಕೇಳಿಯೇ," ಅಂದರು. ಆಮೇಲೆ, "ಗ್ರೈಂಡರ್ ಅಮಾವಾಸ್ಯೆ ಒಳಗೆ ಬೇಕು. ಮನೇಲಿ ರುಬ್ಬೂದು ಇರ್ತು," ಅಂತ ಎದ್ದುಹೋದರು. ಇದನ್ನು ವಾಸಣ್ಣನಿಗೆ ಹೇಳಬೇಕೋ ಬೇಡವೋ ಅಂತ ಫೋನ್ ಎತ್ತಿದೆ, ಇಟ್ಟೆ. ಎಂತ ಅಂತ ಹೇಳುವುದು? ನಿಮ್ಮಪ್ಪ ಬಂದು ಕೇಳಿದರು, ಗ್ರೈಂಡರ್ ಬೇಗ ಬೇಕು ಅಂದರು ಅಂತಲಾ?

ಅಮಾವಾಸ್ಯೆ ಒಳಗೆ ಅಂದದ್ದನ್ನು ನಾನು ಅಮಾವಾಸ್ಯೆಯ ಬೆಳಿಗ್ಗೆಗೆ ಮುಗಿಸಿದೆ. ನನ್ನ ಕೆಲಸ ಗೊತ್ತಿದ್ದವರಿಗೆ ಅದು ಬೇಗವೇ. ಮೋಟಾರನ್ನು ಓಮ್ನಿಯಲ್ಲಿ ಹಾಕಿಕೊಂಡು ಅಡ್ಡಗದ್ದೆಗೆ ಹೋದರೆ ವಾಸಣ್ಣನ ಅಮ್ಮ ಆಗಲೇ ಪಕ್ಕದ ಮನೆಯಲ್ಲಿ ರುಬ್ಬಿಸಿಕೊಂಡು ಬಂದು ಆಗಿತ್ತು. ನನಗೆ ಎರಡು ಮಾತು ಅಂದು, ಅವರಿಬ್ಬರೂ ತರ್ಪಣಕ್ಕೆ ಶೃಂಗೇರಿಗೆ ಹೋಗಿದ್ದಾರೆ, ನೀನು ಅಲ್ಲಿಗೆ ಹೋಗಿ ಕರ್ಕೊಂಡು ಬಾ ಅಂದರು. ಪ್ರಾಯಶ್ಚಿತ್ತದ ಹಾಗೆ ಹೊರಟೆ.

ತುಂಗೆಯ ಮೆಟ್ಟಿಲ ಮೇಲೆ ಅವತ್ತು ಜನವೋ ಜನ. ನೀರು ಇನ್ನೂ ಕೆಂಪಗೇ ಇತ್ತು, ರಭಸ ಇಳಿದಿತ್ತು. ಭಟ್ಟರು ಮೊಣಕಾಲುದ್ದ ನೀರಿನಲ್ಲಿ ನಿಂತು ಎಳ್ಳು-ನೀರು ಬಿಡುತ್ತಿದ್ದರು. ವಾಸಣ್ಣ ನಾಲ್ಕು ಮೆಟ್ಟಿಲು ಮೇಲೆ ಒಣ ಬಟ್ಟೆ ಹಿಡಿದುಕೊಂಡು ನಿಂತಿದ್ದ. ಅಪ್ಪ ಇರುವವನು ಈ ತರ್ಪಣ ಕೊಡುವ ಹಾಗಿಲ್ಲವಂತೆ, ಅದಕ್ಕೇ ಅವನಿಗೆ ಅಲ್ಲಿ ಮಾಡಲಿಕ್ಕೆ ಕೆಲಸವಿಲ್ಲ. ನನ್ನನ್ನು ನೋಡಿ, ಎಂತ ಬಂದೆ ಅಂದ. ಗ್ರೈಂಡರ್ ಅಂದೆ. ಅವನ ಪಕ್ಕದಲ್ಲಿ ನಿಂತೆ.

ಭಟ್ಟರು ತಮ್ಮ ಅಪ್ಪ, ಅಜ್ಜ, ಮುತ್ತಜ್ಜನಿಗೆ ಕೊಟ್ಟರು. ತಾಯಿಯ ಕಡೆಯವರಿಗೆ ಕೊಟ್ಟರು. ಅಣ್ಣ, ಅತ್ತೆ, ಮಾವ, ತಮಗೆ ಪಾಠ ಹೇಳಿದವರು, ಒಬ್ಬ ಸ್ನೇಹಿತ. ಹೆಸರುಗಳು ನೀರಿನ ಸದ್ದಿನಲ್ಲಿ ಓಡುತ್ತಿದ್ದವು. ಮುಗಿಯಿತು ಅಂತ ವಾಸಣ್ಣ ಬಟ್ಟೆ ಬಿಚ್ಚಿ ಹಿಡಿದ. ಭಟ್ಟರು ಮತ್ತೆ ಕೈಗೆ ಎಳ್ಳು ಹಾಕಿಕೊಂಡರು, ನೀರು ತುಂಬಿಸಿಕೊಂಡರು. ಬಿಡಲಿಲ್ಲ. ಕತ್ತು ತಿರುಗಿಸಿ ಮೆಟ್ಟಿಲ ಕಡೆ ನೋಡಿದರು.

"ಮಾಣಿ, ನಿನ್ನ ಗುರುಗಳ ಹೆಸರೆಂತ?"

ವಾಸಣ್ಣ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ. ನೀರು ಭಟ್ಟರ ಬೆರಳಿನ ಸಂದಿಯಿಂದ ಸೋರುತ್ತಿತ್ತು. ನಾನು ತಡೆಯಲಾರದೆ ಹೇಳಿದೆ.

"ಮೆರ್ವಿನ್ ಕ್ರೇಲ್, ಭಟ್ರೇ."

"ಗೋತ್ರ?"

"ಅದು ಗೊತ್ತಿಲ್ಲ."

"ಗೊತ್ತಿಲ್ಲದವರಿಗೆ ಕಾಶ್ಯಪ," ಅಂದರು. ಮತ್ತೆ ನೀರು ತುಂಬಿಕೊಂಡರು. ಪಕ್ಕದಲ್ಲಿ ತರ್ಪಣ ಕೊಡುತ್ತಿದ್ದವರೊಬ್ಬರು ಕೈ ನಿಲ್ಲಿಸಿ ಇವರನ್ನೇ ನೋಡಿದರು. ಭಟ್ಟರು ಆ ಕಡೆ ತಿರುಗಲಿಲ್ಲ. ಉಳಿದ ಹೆಸರುಗಳನ್ನು ಓಡಿಸಿದ್ದ ಹಾಗೆ ಇದನ್ನು ಓಡಿಸಲಿಲ್ಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮಮ ಪುತ್ರಸ್ಯ ಗುರುಂ, ಕಾಶ್ಯಪಗೋತ್ರಂ, ಮೆರ್ವಿನ್ ಕ್ರೇಲ್ ನಾಮಾನಂ. ನನಗೆ ಸಂಸ್ಕೃತ ಬರುವುದಿಲ್ಲ. ನನ್ನ ಮಗನ ಗುರು ಅಂದದ್ದು ನನಗೂ ತಿಳಿಯಿತು.

ವಾಸಣ್ಣ ಮೆಟ್ಟಿಲ ಮೇಲೆ ಕುಸಿದು ಕೂತು, ಅಷ್ಟು ಜನರ ನಡುವೆ, ದೊಡ್ಡ ದನಿಯಲ್ಲಿ ಅತ್ತ. ನಾನು ಅವನ ಬೆನ್ನಿನ ಮೇಲೆ ಕೈ ಇಟ್ಟೆ, ಅವನು ಬೇಡ ಅನ್ನಲಿಲ್ಲ. ತರ್ಪಣ ಮುಗಿದಿತ್ತು. ಭಟ್ಟರು ಮೇಲೆ ಬರಲಿಲ್ಲ, ಒಣ ಬಟ್ಟೆ ಕೊಡು ಅಂತಲೂ ಕರೆಯಲಿಲ್ಲ. ಮಗ ಅತ್ತು ಮುಗಿಸುವವರೆಗೆ ನಮಗೆ ಬೆನ್ನು ಮಾಡಿ ನೀರಿನಲ್ಲೇ ನಿಂತಿದ್ದರು.